ಇಪ್ಪತ್ತನೆಯದು

ಮೊಸ್ತಾರಿನ ಹಳೇ ಸೇತುವೆ,
ಕಟಕಟೆಯ ಆಚೆ ತುದಿಗಾಲಲ್ಲಿ ಸೆನಾದ್.
ಅವನ ಗೆಳೆಯ ಟೋಪಿ ಹಿಡಿದು ಪ್ರವಾಸಿಗಳ ನಡುವೆ ಸುತ್ತುತ್ತಾನೆ:
ಇನ್ನು ಹತ್ತು ಮಾರ್ಕು, ಇನ್ನೈದೇ ಐದು, ಆಮೇಲೆ ನೋಡಿ!
ಸೆನಾದ್ ತೋಳು ಚಾಚುತ್ತಾನೆ, ಮಂಡಿ ಮಡಿಸುತ್ತಾನೆ.
ಕೆಳಗೆ ಹಸಿರು ನೆರೆತ್ವಾ, ಬೇಸಿಗೆಯಲ್ಲೂ ಮೂಳೆ ಕೊರೆಯುವ ನೀರು.
ದಂಡೆಯ ನೊರಜುಗಲ್ಲಿನ ಮೇಲೆ ನಾನು,
ಕೈಯಲ್ಲಿ ಸರಾಯೆವೊದ ಮದುವೆ ಫೋಟೋದವ
ಅಗ್ಗಕ್ಕೆ ಮಾರಿದ ಕ್ಯಾಮೆರಾ.

ಒತ್ತಿದೆ.
ಟಕಟಕಟಕ, ಹುರಿಬಾಣಲೆಯಲ್ಲಿ ಕಾಳು ಸಿಡಿದ ಹಾಗೆ.
ಅವನು ಹಾರಲಿಲ್ಲ.
ಮೂಗು ತುರಿಸಿಕೊಂಡು, ನಕ್ಕು, ಹಿಂದೆ ಸರಿದ.
ಟೋಪಿ ಇನ್ನೂ ತುಂಬಿರಲಿಲ್ಲ.
ತುಂಬಿದ್ದು ನನ್ನದು.
ಬೆರಳ ಕೆಳಗೆ ಗುಂಡಿ ಸತ್ತಿತ್ತು, ಕೆಂಪು ದೀಪ ಮಿಟುಕುತ್ತಿತ್ತು,
ಆಗ ಹಾರಿದ ನೋಡಿ, ಬಡ್ಡೀಮಗ!

ಮೊದಲ ಬೇಸಿಗೆಯೆಲ್ಲ ಹೀಗೇ ಹೋಯಿತು.
ಹಾರದೆ ನಿಂತ ಸೆನಾದ್‌ನ ಚಿತ್ರ ನನ್ನಲ್ಲಿರುವಷ್ಟು
ಅವನ ಹೆಂಡತಿಯಲ್ಲೂ ಇಲ್ಲ.

ಮಳಿಗೆಯ ಹುಡುಗ ನೆಜಾದ್ ಹೇಳಿಕೊಟ್ಟ:
ಅಕ್ಕಾ, ಒಳಗೊಂದು ಬೊಗಸೆ ಇದೆ, ಆಚೆಗೊಂದು ಕಣಜ.
ಕಂಡದ್ದೆಲ್ಲ ಮೊದಲು ಬೊಗಸೆಗೆ,
ಬೊಗಸೆಯಿಂದ ಕಾರ್ಡಿಗೆ, ಅದೂ ನಿಧಾನಕ್ಕೆ.
ಸೆಕೆಂಡಿಗೆ ಎಂಟರಂತೆ ಸುರಿದರೆ
ಹತ್ತೊಂಬತ್ತಕ್ಕೆ ಬೊಗಸೆ ತುಂಬುತ್ತದೆ.
ಇಪ್ಪತ್ತನೆಯದು ಕೇಳಬೇಡ.
ಚುರುಕಿನ ಕಾರ್ಡು ಕೊಂಡರೆ?
ಬೇಗ ಬರಿದಾಗುತ್ತೆ, ಬೊಗಸೆ ಅಷ್ಟೇ ಇರುತ್ತೆ.
ಚಿತ್ರ ಸಣ್ಣದು ಮಾಡಿದರೆ?
ಎಷ್ಟು ಬೇಕಾದರೂ ಹಿಡಿ, ಆದರೆ ನೀರಿನ ನೊರೆ
ಸುಣ್ಣ ಬಳಿದಂತೆ ಬೆಳ್ಳಗೆ ಸಪಾಟಾಗುತ್ತೆ, ಬೇಕೆ?
ಬೇಡ.

ಲೆಕ್ಕ ಹಾಕಿದೆ.
ಸೇತುವೆಯಿಂದ ನೀರಿಗೆ ಎರಡು ಸೆಕೆಂಡು ಚಿಲ್ಲರೆ,
ನನ್ನ ಬೊಗಸೆಯೂ ಎರಡು ಸೆಕೆಂಡು ಚಿಲ್ಲರೆ.
ಹಾಗಾಗಿ ತೋಳು ನೋಡಬಾರದು, ಮುಖವಂತೂ ನೋಡಲೇಬಾರದು,
ಅವು ಟೋಪಿಯ ಪಾಲುದಾರರು.
ಹಿಮ್ಮಡಿ ನೋಡಬೇಕು.
ಹಿಮ್ಮಡಿಗೆ ಸುಳ್ಳು ಬರುವುದಿಲ್ಲ.
ಅದು ಕಲ್ಲು ಬಿಟ್ಟಾಗ ಒತ್ತಿದರೆ
ಹದಿನೆಂಟನೆಯದರಲ್ಲಿ ಕಾಲ್ಬೆರಳು ನೀರು ಮುಟ್ಟುತ್ತದೆ.
ಅಲ್ಲಿಂದ ಹೊಟ್ಟೆಪಾಡು ಸರಿಹೋಯಿತು.
ಒಂದು ಪಟಕ್ಕೆ ಎಂಟು ಮಾರ್ಕು, ಚೌಕಟ್ಟಿದ್ದರೆ ಹದಿನೈದು.

ಸೆಪ್ಟೆಂಬರಿನಲ್ಲಿ ಸೆನಾದ್‌ನ ತಾಯಿ ರೆಮ್ಜಾ
ಮೆಟ್ಟಿಲಿಳಿದು ನನ್ನ ಅಂಗಡಿಗೆ ಬಂದಳು.
ಮೂವತ್ತು ವರ್ಷದಿಂದ ಮಗ ಹಾರುವುದನ್ನು ಒಮ್ಮೆಯೂ ನೋಡದವಳು,
ಚಪ್ಪಾಳೆ ಕೇಳಿಸಿದ ಮೇಲಷ್ಟೇ ಕಾಫಿಗೆ ನೀರಿಡುವವಳು.
ಗೋಡೆಯ ಮೇಲೆ ಸಾಲಾಗಿ ಅವಳ ಮಗ ಬೀಳುತ್ತಿದ್ದ.
ಒಂದೊಂದನ್ನೂ ನೋಡಿದಳು, ಕನ್ನಡಕ ಒರೆಸಿದಳು.
ಎಲ್ಲದರಲ್ಲೂ ಬೀಳ್ತಿದಾನಲ್ಲೇ, ಅಂದಳು.
ಮೇಲೆ ಬಂದದ್ದು ಒಂದೂ ಇಲ್ಲವೆ?

ಇರಲಿಲ್ಲ.
ಅವನು ಮೇಲೆ ಬರುವ ಹೊತ್ತಿಗೆಲ್ಲ
ನನ್ನ ಕ್ಯಾಮೆರಾ ಅವನು ಬಿದ್ದದ್ದನ್ನು ನುಂಗುತ್ತಿರುತ್ತದೆ.

ಮರುದಿನ ಹಿಮ್ಮಡಿ ಕಲ್ಲು ಬಿಟ್ಟಿತು.
ನಾನು ಒತ್ತಲಿಲ್ಲ.
ಬೆರಳಿಗೆ ಅದೆಷ್ಟು ಕಷ್ಟವಾಯಿತೆಂದರೆ
ಎಡಗೈಯಿಂದ ಅದನ್ನು ಹಿಡಿದುಕೊಂಡೆ.
ಗಾಳಿಯಲ್ಲಿ ಅವನು ಇಷ್ಟು ಉದ್ದ ಇರುತ್ತಾನೆಂದು
ಅಂದೇ ಗೊತ್ತಾದದ್ದು. ನೀರು ತೆರೆಯಿತು, ಮುಚ್ಚಿತು.
ಜನ ಕೂಗಿದರು. ನೊರೆ ಕೆಳಕ್ಕೆ ಹರಿದು ಹೋಯಿತು.
ಎಲ್ಲಿ ಏಳುತ್ತಾನೆ? ಬಂಡೆಯ ಈಚೆಗೊ, ಸುಳಿಯ ಆಚೆಗೊ?
ರೆಮ್ಜಾ ಕಣ್ಣು ಮುಚ್ಚಿ ಎಣಿಸುವುದು ಇದನ್ನೇ ಇರಬೇಕು,
ಒಂದು, ಎರಡು, ಮೂರು, ನಾಲ್ಕು,

ನೆತ್ತಿ.
ಹಣೆಗಂಟಿದ ಕೂದಲು, ಹೊಳೆಯನ್ನೇ ಹೀರುವಷ್ಟು ತೆರೆದ ಬಾಯಿ,
ಯಾವ ಟೋಪಿಗೂ ತೋರಿಸದ ಮುಖ.
ಒತ್ತಿದೆ. ಏಳು ಚಿತ್ರ, ಸಾಕಾಯಿತು.
ಬೊಗಸೆಯಲ್ಲಿ ಇನ್ನೂ ಹನ್ನೆರಡಕ್ಕೆ ಜಾಗವಿತ್ತು.

ಮೂರನೆಯದನ್ನು ರೆಮ್ಜಾ ಕೊಂಡೊಯ್ದಳು.
ದುಡ್ಡು ಬೇಡವೆಂದರೆ ಕೇಳಲಿಲ್ಲ,
ಎಂಟು ಮಾರ್ಕು ಎಣಿಸಿ ಮೇಜಿನ ಮೇಲಿಟ್ಟು
ಚೌಕಟ್ಟು ಮನೆಯಲ್ಲಿದೆ ಅಂದಳು.